ಹಳೆಯ ಜಿಪ್ಸಿಯನ್ನು ಸಜ್ಜುಗೊಳಿಸುವ ಬಗೆ: ನನ್ನದೊಂದು ಅಭಿಪ್ರಾಯ



ನಿವೃತ್ತ ಮೇಷ್ಟರೊಬ್ಬರು ವಾಹನದ ವಿಷಯವಾಗಿ ಬರೆಯಹೊರಟರೆ ಓದುವವರಿಗೆ ಸೋಜಿಗವೆನಿಸುವುದು ಸಹಜ. ಆದರೆ ಕಳೆದ ಒಂದೆರಡು ವರ್ಷಗಳಿಂದ ನಿಮ್ಮಲ್ಲಿ ಹಲವರು ನನಗೆ ಕೇಳುತ್ತಿರುವ ಪ್ರಶ್ನೆ ಒಂದೇ: "ಸರ್, ನಾನೂ ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಂಡಿದ್ದೇನೆ. ಕ್ಯಾಂಪಿಂಗಿಗೆ ಹೋಗಬೇಕೆಂದಿದ್ದೇನೆ. ಅದಕ್ಕೆ ಏನೇನು ಹಾಕಿಸಬೇಕು?" ಕೆಲವರು ಪ್ರಶ್ನೆಯ ಜೊತೆಗೆ ಪಟ್ಟಿಯನ್ನೂ ಕಳುಹಿಸುತ್ತಾರೆ. ಆ ಪಟ್ಟಿಯ ಮೊತ್ತ ಬಹುತೇಕ ಗಾಡಿಯ ಬೆಲೆಗಿಂತಲೂ ಹೆಚ್ಚಾಗಿರುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವ ಬದಲು ನನ್ನ ಅಭಿಪ್ರಾಯವನ್ನು ಒಟ್ಟಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣರಕ್ಷಣೆಗೆ ಸಂಬಂಧಿಸಿದ್ದನ್ನು ಮೊದಲ ಪ್ರಯಾಣಕ್ಕೆ ಮುನ್ನವೇ, ಒಂದೇ ಸಲಕ್ಕೆ ಮಾಡಿಸಿ. ಸೌಕರ್ಯಕ್ಕೆ ಸಂಬಂಧಿಸಿದ್ದನ್ನು ಒಂದು ಪ್ರವಾಸಕ್ಕೆ ಒಂದರಂತೆ, ನಿಧಾನವಾಗಿ ಮಾಡಿಸಿ. ಶೋಭೆಗೆ ಸಂಬಂಧಿಸಿದ್ದನ್ನು ಮಾಡಿಸಲೇಬೇಡಿ. ಇಷ್ಟೇ. ಇನ್ನುಳಿದದ್ದೆಲ್ಲ ಇದರ ವ್ಯಾಖ್ಯಾನ.

ಅರಿಯದವರಿಗಾಗಿ ಎರಡು ಮಾತು. ಮಾರುತಿ ಜಿಪ್ಸಿ ನಮ್ಮ ದೇಶದ ರಸ್ತೆಗೆ ಇಳಿದದ್ದು 1985ರ ಡಿಸೆಂಬರಿನಲ್ಲಿ, 970 ಸಿ.ಸಿ.ಯ ಚಿಕ್ಕ ಎಂಜಿನ್ನಿನೊಂದಿಗೆ. 1996ರಲ್ಲಿ ಅದಕ್ಕೆ 1298 ಸಿ.ಸಿ.ಯ ಎಂಜಿನ್ ಬಂದು 'ಜಿಪ್ಸಿ ಕಿಂಗ್' ಎನಿಸಿಕೊಂಡಿತು. 2000ದಲ್ಲಿ ಕಾರ್ಬುರೇಟರ್ ಹೋಗಿ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಬಂದು 80 ಅಶ್ವಶಕ್ತಿಗೆ ಏರಿತು. 2019ರಲ್ಲಿ ಸಾರ್ವಜನಿಕರಿಗೆ ಮಾರಾಟ ನಿಂತಿತು. ಅಂದರೆ ಇಂದು ಸಿಗುವ ಪ್ರತಿಯೊಂದು ಜಿಪ್ಸಿಯೂ ಹಳೆಯದೇ. ಸೇನೆಯಲ್ಲಿಯೂ ಪೊಲೀಸ್ ಇಲಾಖೆಯಲ್ಲಿಯೂ ದುಡಿದ ವಾಹನವಾದ್ದರಿಂದ ಬಿಡಿಭಾಗಗಳಿಗೆ ಇನ್ನೂ ಕೊರತೆಯಿಲ್ಲ. ಕೈಕೆಲಸ ಬಲ್ಲ ಮೆಕ್ಯಾನಿಕ್ಕುಗಳಿಗೂ ಕೊರತೆಯಿಲ್ಲ. ನನ್ನದು 2007ರ ಬಟ್ಟೆ ಮಾಡಿನ ಜಿಪ್ಸಿ. ನಿವೃತ್ತನಾಗಿ ಎರಡು ವರ್ಷಗಳ ತರುವಾಯ, 2018ರಲ್ಲಿ, ಕಾಫಿ ತೋಟವೊಂದರಲ್ಲಿ ದುಡಿದು ದಣಿದಿದ್ದ ಅದನ್ನು ಕೊಂಡೆ. ಈ ವಯಸ್ಸಿನಲ್ಲಿ ಇದೇತರ ಹುಚ್ಚು ಎಂದು ಬಂಧುಗಳು ಕೇಳಿದರು. ಈಗ ಅವರೇ ಆಗುಂಬೆಗೆ ಕರೆದುಕೊಂಡು ಹೋಗೆಂದು ಕೇಳುತ್ತಾರೆ. ಆ ಮಾತು ಇರಲಿ.

ಹಳೆಯ ಗಾಡಿಗೆ ಮೊದಲು ಹಾಕಿಸಬೇಕಾದದ್ದು ಏನು? ಏನೂ ಇಲ್ಲ. ಅದು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡುವುದೇ ಮೊದಲ ಕೆಲಸ. ಬಡತನದ ಮನೆಗೆ ಸುಣ್ಣ ಹೊಡೆಯುವ ಮೊದಲು ಸೋರುವ ಮಾಡನ್ನು ಕಟ್ಟಬೇಕಲ್ಲವೆ? ಜಿಪ್ಸಿಯಲ್ಲಿ ನೋಡಬೇಕಾದ ಸ್ಥಳಗಳು ನಿಶ್ಚಿತವಾಗಿವೆ. ಚಾಸಿಯ ಕೆಳಭಾಗ, ಕಾಲಿಡುವ ತಗಡು, ಪಟ್ಟಿ ಸ್ಪ್ರಿಂಗುಗಳನ್ನು ಹಿಡಿದಿಡುವ ಕೊಂಡಿಗಳು - ಇಲ್ಲೆಲ್ಲ ತುಕ್ಕು ಹಿಡಿದಿರುತ್ತದೆ. ಮುಂಚಕ್ರದ ಗೆಣ್ಣಿನ ಎಣ್ಣೆ ಸೀಲು ಸೋರುತ್ತಿರುತ್ತದೆ. ಅಲ್ಲಿಯ ಕಿಂಗ್‌ಪಿನ್ ಬೇರಿಂಗುಗಳು ಸವೆದಿದ್ದರೆ ಒಂದು ವೇಗದಲ್ಲಿ ಸ್ಟೀರಿಂಗ್ ಚಕ್ರ ಮಲೇರಿಯಾ ಹಿಡಿದವರಂತೆ ನಡುಗುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಪೆಟ್ಟಿಗೆಯ ಲಿವರು ಹೊರೆ ಬಿದ್ದಾಗ ತಾನಾಗಿ ಜಾರುತ್ತಿದೆಯೇ ಎಂಬುದನ್ನು ಏರಿನಲ್ಲಿ ಓಡಿಸಿಯೇ ಪರೀಕ್ಷಿಸಬೇಕು. ಬ್ರೇಕಿನ ಎಣ್ಣೆ, ಕೊಳವೆಗಳು, ಸೀಟ್ ಬೆಲ್ಟುಗಳು ಹೊಸದಾಗಬೇಕು. ಪೆಟ್ರೋಲ್ ಸಾಗುವ ರಬ್ಬರ್ ಕೊಳವೆಗಳನ್ನೂ ಬದಲಿಸಿ. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರನ್ನು ಇದಕ್ಕಾಗಿ ಮಾಡಿದ್ದಲ್ಲ. ಬೆಂಕಿ ನಂದಿಸುವ ಸಣ್ಣ ಸಿಲಿಂಡರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಳ್ಳೆಯ ಟೈರುಗಳು - ಈ ಮೂರನ್ನು ಸೇರಿಸಿದರೆ ಒಂದೇ ಸಲಕ್ಕೆ ಮಾಡಿಸಬೇಕಾದ ಪಟ್ಟಿ ಮುಗಿಯಿತು. ಇದರಲ್ಲಿ ಯಾವುದೂ ಛಾಯಾಚಿತ್ರದಲ್ಲಿ ಕಾಣುವುದಿಲ್ಲ. ಆದಕಾರಣವೇ ಹೆಚ್ಚಿನವರು ಇದನ್ನು ಬಿಟ್ಟು ಮುಂದಿನದಕ್ಕೆ ಜಿಗಿಯುತ್ತಾರೆ.

ಸೌಕರ್ಯದ ವಿಷಯದಲ್ಲಿ ನಿಧಾನವೇ ಪ್ರಧಾನವೆಂದು ಏಕೆ ಹೇಳುತ್ತೇನೆ? ನಮ್ಮ ಅಗತ್ಯ ಏನೆಂಬುದು ಮನೆಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಅದನ್ನು ದಾರಿಯೇ ತಿಳಿಸಬೇಕು. ನಾನು ಗಾಡಿಯಲ್ಲಿ ಒಂದು ನೂರು ಪುಟದ ನೋಟ್ ಪುಸ್ತಕವನ್ನು ಇಟ್ಟಿದ್ದೇನೆ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ 'ಇದ್ದಿದ್ದರೆ ಅನುಕೂಲವಾಗುತ್ತಿತ್ತು', ಬಲಕ್ಕೆ 'ಹೊತ್ತು ತಂದದ್ದು ವ್ಯರ್ಥವಾಯಿತು' ಎಂದು ಬರೆದಿರುತ್ತೇನೆ. ಪ್ರತಿ ಪ್ರವಾಸದ ಕೊನೆಯ ರಾತ್ರಿ ನಾವಿಬ್ಬರೂ ಕುಳಿತು ಎರಡೂ ಬದಿಯನ್ನು ತುಂಬುತ್ತೇವೆ. ಒಂದು ವಸ್ತುವಿನ ಹೆಸರು ಎಡಬದಿಯಲ್ಲಿ ಮೂರು ಪ್ರವಾಸಗಳಲ್ಲಿ ಬಂದರೆ ಮಾತ್ರ ಅದನ್ನು ಕೊಳ್ಳುವುದು ಅಥವಾ ಮಾಡಿಸುವುದು. ಬಲಬದಿಯಲ್ಲಿ ಮೂರು ಸಲ ಬಂದದ್ದು ಅಟ್ಟಕ್ಕೆ ಹೋಗುತ್ತದೆ. ಏಳು ವರ್ಷಗಳಲ್ಲಿ ಎಡಬದಿಯಿಂದ ಗಾಡಿಗೆ ಬಂದವು ಹನ್ನೊಂದು. ಬಲಬದಿಯಿಂದ ಅಟ್ಟಕ್ಕೆ ಹೋದವು ಹದಿನಾಲ್ಕು. ಹೀಗಾಗಿ ನಮ್ಮ ಗಾಡಿ ವರ್ಷದಿಂದ ವರ್ಷಕ್ಕೆ ಸಜ್ಜಾಗುತ್ತಿದೆ, ಜೊತೆಗೆ ಹಗುರವೂ ಆಗುತ್ತಿದೆ.

ಮೊದಲ ಮಳೆಗಾಲದಲ್ಲಿ ಕವಲೇದುರ್ಗಕ್ಕೆ ಹೋದಾಗ ಬಟ್ಟೆ ಮಾಡಿನ ಹೊಲಿಗೆಗಳಿಂದ ನೀರು ಇಳಿದು ಹಾಸಿಗೆಯೇ ತೊಯ್ದಿತು. ಇದಕ್ಕೆ ಮೂರು ಪ್ರವಾಸ ಕಾಯಬೇಕಾಗಲಿಲ್ಲ. ತೀರ್ಥಹಳ್ಳಿಯ ಮಳೆ ಒಂದೇ ಸಲಕ್ಕೆ ಮೂರು ಸಲದಷ್ಟು ಹೇಳಿತು. ಲಾರಿಗಳಿಗೆ ಟಾರ್ಪಾಲು ಹೊಲಿಯುವವರಿಂದ ಹೊಸ ಮಾಡನ್ನು ಹೊಲಿಸಿದೆವು. ಹೊಲಿಗೆಯ ಮೇಲೆ ಮತ್ತೊಂದು ಪಟ್ಟಿ ಕೊಟ್ಟು ಅಂಟಿಸಿದ ಆ ಕೆಲಸ ಇಂದಿಗೂ ಒಂದು ಹನಿಯನ್ನು ಒಳಗೆ ಬಿಟ್ಟಿಲ್ಲ. ಎರಡನೆಯದು, ಹಿಂಬದಿಯ ಮರದ ಪೆಟ್ಟಿಗೆ. ಜಿಪ್ಸಿಯ ಹಿಂದಿನ ಸೀಟುಗಳು ಎದುರುಬದುರಾಗಿ ಬದಿಗಿರುವಂಥವು. ಅವನ್ನು ಕಿತ್ತೆಸೆದರೆ ಜಾಗ ಸಿಗುತ್ತದೆ, ಆದರೆ ನೋಂದಣಿ ಪತ್ರದಲ್ಲಿರುವ ಆಸನಗಳ ಸಂಖ್ಯೆ ಸುಳ್ಳಾಗುತ್ತದೆ. ಆದ್ದರಿಂದ ಸೀಟುಗಳನ್ನು ಮಡಿಸಿ, ನಡುವೆ ಕೂರುವಂತೆ 12 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಪೆಟ್ಟಿಗೆಗಳನ್ನು ನಮ್ಮೂರ ಬಡಗಿಯಿಂದ ಮಾಡಿಸಿದೆ. ಒಂದರಲ್ಲಿ ಅಡುಗೆ ಸಾಮಾನು, ಇನ್ನೊಂದರಲ್ಲಿ ಹಗ್ಗ, ಗುದ್ದಲಿ, ಜಾಕು. ಎರಡನ್ನೂ ದಪ್ಪ ಪಟ್ಟಿಗಳಿಂದ ಗಾಡಿಯ ಕೊಕ್ಕೆಗಳಿಗೆ ಬಿಗಿದಿರುತ್ತದೆ. ಬಿಗಿಯದಿದ್ದರೆ ಬ್ರೇಕ್ ಹಾಕಿದಾಗ ಪೆಟ್ಟಿಗೆ ಚಲಿಸುತ್ತಲೇ ಇರುತ್ತದೆ. ನ್ಯೂಟನ್ನನ ಮೊದಲ ನಿಯಮವನ್ನು ಕಂಠಪಾಠ ಮಾಡಿಸಿದ ಮೇಷ್ಟರು ಅದನ್ನು ತನ್ನ ಬೆನ್ನಿನ ಮೇಲೆ ಪ್ರಯೋಗಿಸಿಕೊಳ್ಳಬಾರದು.

ಮೂರನೆಯದು ನನ್ನ ಪತ್ನಿಯ ಬೇಡಿಕೆ. ಆಕೆಗೆ ಮಂಡಿನೋವು. ಜಿಪ್ಸಿ ನೆಲದಿಂದ ಎತ್ತರ. ಕಬ್ಬಿಣದ ಮೆಟ್ಟಿಲನ್ನು ಬದಿಗೆ ಬೆಸೆಸುವ ಸಲಹೆ ಹಲವರಿಂದ ಬಂತು. ಕಲ್ಲುದಾರಿಯಲ್ಲಿ ಅಂಥ ಮೆಟ್ಟಿಲೇ ಮೊದಲು ನೆಲಕ್ಕೆ ತಾಗುವುದು. ಹತ್ತು ಅಂಗುಲ ಎತ್ತರದ ಒಂದು ಮರದ ಮಣೆ ಆ ಕೆಲಸವನ್ನು ಮಾಡುತ್ತಿದೆ. ಇಳಿದ ಮೇಲೆ ಒಲೆಯ ಮುಂದೆ ಕೂರಲು ಪೀಠವೂ ಅದೇ. ನಾಲ್ಕನೆಯದು ಮಡಿಸಿಡುವ ಶೌಚಪೀಠ. ಇದನ್ನು ಬರೆಯಲು ಸಂಕೋಚವೇಕೆ? ಅರವತ್ತು ದಾಟಿದ ಹೆಣ್ಣುಮಕ್ಕಳು ಪ್ರವಾಸವೆಂದರೆ ಹಿಂಜರಿಯುವುದಕ್ಕೆ, ದಿನವಿಡೀ ನೀರು ಕುಡಿಯದೆ ಕೂರುವುದಕ್ಕೆ ಕಾರಣ ಇದೊಂದೇ. ನಿಮ್ಮ ತಾಯಂದಿರನ್ನು ಕರೆದೊಯ್ಯುವ ಆಸೆಯಿದ್ದರೆ, ಛಾವಣಿಯ ಮೇಲಿನ ದೀಪಗಳ ಸಾಲಿಗೆ ಮೀಸಲಿಟ್ಟ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಇದಕ್ಕೆ ಕೊಡಿ. ಗಾಡಿಗೆ ನಾವು ಮಾಡಿದ ಎಲ್ಲ ಸೇರ್ಪಡೆಗಳಲ್ಲಿ ನಮ್ಮ ಪ್ರವಾಸದ ದೂರವನ್ನು ನಿಜವಾಗಿ ಹೆಚ್ಚಿಸಿದ್ದು ಈ ಪೀಠವೇ.

ಇನ್ನು ಲೆಕ್ಕದ ವಿಷಯ. ನಿಮ್ಮ ಪಟ್ಟಿಗಳಲ್ಲಿ ತಪ್ಪದೆ ಕಾಣುವ ನಾಲ್ಕು ವಸ್ತುಗಳನ್ನು ಒಂಬತ್ತನೇ ತರಗತಿಯ ವಿಜ್ಞಾನದಿಂದಲೇ ಪರೀಕ್ಷಿಸೋಣ.

ಒಂದು, ದೊಡ್ಡ ಟೈರು. ಜಿಪ್ಸಿ ಕಿಂಗಿನ ಮೂಲ ಟೈರು 205/70 ಆರ್ 15. ಅಗಲ 205 ಮಿ.ಮೀ., ಅದರ ಶೇಕಡಾ 70 ಪಕ್ಕದ ಎತ್ತರ, ನಡುವೆ 15 ಅಂಗುಲದ ಡ್ರಮ್ಮು. ಒಟ್ಟು ವ್ಯಾಸ 668 ಮಿ.ಮೀ. ಹಲವರು ಹಾಕಿಸುವ 235/75ರ ವ್ಯಾಸ ಸುಮಾರು 733 ಮಿ.ಮೀ. ಹೆಚ್ಚಳ ಶೇಕಡಾ 10ರ ಹತ್ತಿರ. ನೆಲದಿಂದ ಗಾಡಿ ಏರುವುದು ವ್ಯಾಸದ ಅರ್ಧ, ಅಂದರೆ ಮೂರು ಸೆಂಟಿಮೀಟರು ಚಿಲ್ಲರೆ ಮಾತ್ರ. ತೆರುವ ಬೆಲೆ ಏನು? ವೇಗಸೂಚಿ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಚಕ್ರದ ತ್ರಿಜ್ಯ ಹೆಚ್ಚಿದಷ್ಟೂ ನೆಲವನ್ನು ತಳ್ಳುವ ಬಲ ಕುಗ್ಗುತ್ತದೆ, ಬ್ರೇಕಿನ ಕೆಲಸ ಹೆಚ್ಚುತ್ತದೆ. ಏರುವ ಶಕ್ತಿಗಾಗಿ ಹಾಕಿಸಿದ ಟೈರು ಏರುವ ಶಕ್ತಿಯನ್ನೇ ತಿನ್ನುತ್ತದೆ. ನಾನು ಮೂಲ ಅಳತೆಯಲ್ಲಿಯೇ, ಮಣ್ಣುದಾರಿಗೆ ಹೊಂದುವ ಆಳ ಗೆರೆಗಳ ಟೈರು ಹಾಕಿಸಿದ್ದೇನೆ.

ಎರಡು, ಛಾವಣಿಯ ಮೇಲಿನ ಗುಡಾರ. ಗಾಡಿಯ ತೂಕ 1000 ಕಿಲೋ, ಗುರುತ್ವ ಕೇಂದ್ರ ನೆಲದಿಂದ 65 ಸೆಂ.ಮೀ. ಎಂದಿಟ್ಟುಕೊಳ್ಳಿ. ಎಡ ಬಲ ಚಕ್ರಗಳ ನಡುವಿನ ಅಂತರ 130 ಸೆಂ.ಮೀ. ಹಾಗಿದ್ದರೆ ನಿಂತ ಗಾಡಿ 45 ಡಿಗ್ರಿ ಓರೆಯಾದಾಗ ಉರುಳುತ್ತದೆ. ಈಗ 190 ಸೆಂ.ಮೀ. ಎತ್ತರದಲ್ಲಿ 60 ಕಿಲೋ ಗುಡಾರ ಏರಿಸಿ. ಗುರುತ್ವ ಕೇಂದ್ರ 72 ಸೆಂ.ಮೀ.ಗೆ ಏರುತ್ತದೆ, ಉರುಳುವ ಕೋನ 42 ಡಿಗ್ರಿಗೆ ಇಳಿಯುತ್ತದೆ. ಮೂರು ಡಿಗ್ರಿ ತಾನೇ ಎನ್ನಬೇಡಿ. ಇದು ನಿಂತ ಗಾಡಿಯ ಲೆಕ್ಕ. ತಿರುವಿನಲ್ಲಿ ವೇಗವಾಗಿ ಹೊರಳುವಾಗ, ಪಟ್ಟಿ ಸ್ಪ್ರಿಂಗುಗಳು ಒಂದು ಬದಿಗೆ ಕುಸಿದಾಗ ಉಳಿದಿರುವ ಅಂತರ ಬಹಳ ಸಣ್ಣದು.

ಮೂರು, ಎರಡನೆಯ ಬ್ಯಾಟರಿ. ನನ್ನ ಬ್ಯಾಟರಿ 12 ವೋಲ್ಟ್, 35 ಆಂಪಿಯರ್-ಗಂಟೆಯದು. ಗುಣಿಸಿದರೆ 420 ವ್ಯಾಟ್-ಗಂಟೆ. ರಾತ್ರಿ ಐದು ವ್ಯಾಟಿನ ಎಲ್‌ಇಡಿ ದೀಪ ಐದು ಗಂಟೆ ಉರಿದರೆ 25. ಎರಡು ಮೊಬೈಲುಗಳಿಗೆ ಸುಮಾರು 30. ಒಟ್ಟು 55, ಅಂದರೆ ಎಂಟನೆಯ ಒಂದು ಪಾಲು. ಬೆಳಿಗ್ಗೆ ಎಂಜಿನ್ ಸಲೀಸಾಗಿ ಹೊರಡುತ್ತದೆ. ಎರಡನೆಯ ಬ್ಯಾಟರಿ ಬೇಕಾಗುವುದು ಫ್ರಿಜ್ ಇಟ್ಟವರಿಗೆ. ಪ್ರತಿ ಹದಿನೈದು ಕಿಲೋಮೀಟರಿಗೆ ಹಾಲು ಮೊಸರು ಸಿಗುವ ನಮ್ಮ ನಾಡಿನಲ್ಲಿ ಫ್ರಿಜ್ ಹೊತ್ತು ತಿರುಗುವುದು ಬಾವಿಯ ಪಕ್ಕದಲ್ಲಿ ಕೊಡ ಹೊತ್ತು ನಿಂತಂತೆ.

ನಾಲ್ಕು, ಹೆಚ್ಚುವರಿ ಪೆಟ್ರೋಲಿನ ಡಬ್ಬಿ. ಜಿಪ್ಸಿಯ ಟ್ಯಾಂಕು 40 ಲೀಟರು. ಲೀಟರಿಗೆ 10 ಕಿಲೋಮೀಟರ್ ಎಂದರೂ 400 ಕಿಲೋಮೀಟರು ಸಾಗುತ್ತದೆ. ಕರ್ನಾಟಕದಲ್ಲಿ ಬಂಕಿನಿಂದ ಅಷ್ಟು ದೂರವಿರುವ ಜಾಗವೇ ಇಲ್ಲ. ಡಬ್ಬಿಯಲ್ಲಿ ಪೆಟ್ರೋಲ್, ಪಕ್ಕದಲ್ಲಿ ಒಲೆ; ಇದಕ್ಕಿಂತ ಕೆಟ್ಟ ನೆರೆಹೊರೆ ಇನ್ನೊಂದಿಲ್ಲ. ಒಲೆಯ ಮಾತು ಬಂದುದರಿಂದ ಒಂದು ಎಚ್ಚರಿಕೆ: ಮುಚ್ಚಿದ ಗಾಡಿಯೊಳಗಾಗಲಿ ಗುಡಾರದೊಳಗಾಗಲಿ ಒಲೆ ಹಚ್ಚಬೇಡಿ, ಕೆಂಡವಿಟ್ಟು ಮಲಗಬೇಡಿ, ಎಂಜಿನ್ ಚಾಲೂ ಇಟ್ಟು ನಿದ್ರಿಸಬೇಡಿ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ.

ಇದೆಲ್ಲ ಮುದುಕರ ಲೆಕ್ಕಾಚಾರವೆಂದು ನೀವು ನಗಬಹುದು. ಆದರೆ ಈ ಬರಹಕ್ಕೆ ನನ್ನನ್ನು ತೊಡಗಿಸಿದ ಸಂಗತಿಯೊಂದಿದೆ. ನನ್ನ ಶಿಷ್ಯನೊಬ್ಬ - ಹೆಸರು ಬೇಡ, ಅವನ ಅನುಮತಿಯಿಂದಲೇ ಬರೆಯುತ್ತಿದ್ದೇನೆ - ಹಳೆಯ ಗಾಡಿಯೊಂದನ್ನು ಕೊಂಡು, ಒಂದೇ ತಿಂಗಳಿನಲ್ಲಿ ಸ್ಪ್ರಿಂಗು ಎತ್ತರಿಸಿ, ದೊಡ್ಡ ಟೈರು, ಕಬ್ಬಿಣದ ಮುಂಗಂಬಿ, ಛಾವಣಿಯ ಗುಡಾರ ಎಲ್ಲವನ್ನೂ ಹಾಕಿಸಿದ. ಮೊದಲ ದೂರ ಪ್ರಯಾಣದಲ್ಲಿಯೇ, ಮಳೆ ಬಿದ್ದ ಘಟ್ಟದ ತಿರುವಿನಲ್ಲಿ, ಎದುರು ಬಂದ ಬಸ್ಸಿಗೆ ದಾರಿ ಕೊಡುವಾಗ ಗಾಡಿ ಮಗ್ಗುಲಾಯಿತು. ಚರಂಡಿಯ ಕಡೆಗೆ ಬಿದ್ದದ್ದರಿಂದ ಕುಟುಂಬ ಉಳಿಯಿತು. ಇನ್ನೊಂದು ಕಡೆ ಕಣಿವೆ. ಅವನ ಎಂಟು ವರ್ಷದ ಮಗಳ ತೋಳಿನ ಮೂಳೆ ಮುರಿದಿತ್ತು. ವಿಮಾ ಕಂಪನಿಯವರು ಗಾಡಿಯನ್ನು ನೋಡಿ, ತಿಳಿಸದೆ ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಪರಿಹಾರವನ್ನು ನಿರಾಕರಿಸಿದರು. ಅವನು ಮೂರ್ಖನಲ್ಲ, ನನ್ನ ತರಗತಿಯ ಬುದ್ಧಿವಂತರಲ್ಲಿ ಒಬ್ಬ. ಆದರೆ ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರಿಂದ, ಯಾವ ಬದಲಾವಣೆ ಗಾಡಿಯ ಸ್ವಭಾವವನ್ನು ಹೇಗೆ ತಿರುಗಿಸಿತು ಎಂಬುದನ್ನು ಕಲಿಯುವ ಅವಕಾಶವೇ ಅವನಿಗೆ ದೊರೆಯಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಬಾರಿಗೆ ಒಂದು ಅಂಶವನ್ನು ಮಾತ್ರ ಬದಲಿಸಿ ನೋಡಿ ಎಂದು ಕಲಿಸುವುದು ಇದಕ್ಕಾಗಿಯೇ.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮುಂದಿನ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆಯಿತು; ಅವು ಡಿಕ್ಕಿಯಾದಾಗ ಪಾದಚಾರಿಗಳಿಗೂ ಒಳಗಿರುವವರಿಗೂ ಅಪಾಯಕಾರಿ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಒಡ್ಡಿ ನೋಂದಣಿಯನ್ನು ನವೀಕರಿಸಬೇಕು. ನನ್ನ ಗಾಡಿಗೆ 2022ರಲ್ಲಿ ಆ ಸರದಿ ಬಂತು. ಪೆಟ್ಟಿಗೆ, ಮಣೆ, ಹಗ್ಗ ಎಲ್ಲವನ್ನೂ ಇಳಿಸಿ, ಒಗೆದ ಅಂಗಿ ತೊಟ್ಟ ಹುಡುಗನಂತೆ ಕರೆದೊಯ್ದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬೆಸೆಯುವುದರ ಬದಲು ಬಿಗಿದಿಡುವುದು, ಕತ್ತರಿಸುವುದರ ಬದಲು ಮಡಿಸುವುದು - ಈ ಎರಡು ಸೂತ್ರಗಳನ್ನು ಪಾಲಿಸಿದರೆ ನಿಮಗೂ ಹಾಗೆಯೇ ಆಗುತ್ತದೆ.

"ಸರ್, ನಿಮಗೆ ನಿವೃತ್ತಿ. ನಮಗೆ ಸಿಗುವುದು ತಿಂಗಳಿಗೆ ಎರಡು ದಿನ. ಏಳು ವರ್ಷ ಕಾಯಲು ಪುರುಸೊತ್ತು ಎಲ್ಲಿ?" ಎಂದು ನಿಮ್ಮಲ್ಲೊಬ್ಬರು ಆಕ್ಷೇಪಿಸಿದ್ದಾರೆ. ನ್ಯಾಯವಾದ ಆಕ್ಷೇಪ. ಆದರೆ ನಿಧಾನವೆಂದರೆ ಪ್ರಯಾಣವನ್ನು ಮುಂದೂಡುವುದಲ್ಲ. ಬ್ರೇಕು, ಸ್ಟೀರಿಂಗು, ಟೈರು ಸರಿಯಿದ್ದರೆ ಮುಂದಿನ ಶನಿವಾರವೇ ಹೊರಡಿ. ಒಂದು ಗುಡಾರ, ಎರಡು ಕಂಬಳಿ, ಬುತ್ತಿ ಸಾಕು. ಎಲ್ಲವೂ ಸಿದ್ಧವಾಗಲಿ ಎಂದು ಗ್ಯಾರೇಜಿನಲ್ಲಿ ಆರು ತಿಂಗಳು ಗಾಡಿ ನಿಲ್ಲಿಸುವವರೇ ನಿಜಕ್ಕೂ ಪುರುಸೊತ್ತು ಕಳೆದುಕೊಳ್ಳುವವರು.

ಗಾಡಿಯ ಶಕ್ತಿಗಿಂತ ನಡೆಸುವವರ ತಿಳಿವಳಿಕೆ ಹೆಚ್ಚು ದೂರ ಕೊಂಡೊಯ್ಯುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಕೊಡಚಾದ್ರಿಯ ಬಾಡಿಗೆ ಜೀಪುಗಳನ್ನು ನೋಡಿ. ಕಲ್ಲು, ಕೊರಕಲು, ಕೆಸರಿನ ಆ ದಾರಿಯಲ್ಲಿ ದಿನವೂ ಏರಿಳಿಯುವ ಜೀಪುಗಳಿಗೆ ದೀಪಗಳ ಸಾಲೂ ಇಲ್ಲ, ಬಣ್ಣದ ಶಾಕುಗಳೂ ಇಲ್ಲ. ಮಲೆನಾಡಿನ ಚಾಲಕರು ಜಡಿಮಳೆಯಲ್ಲಿ ಚಕ್ರಕ್ಕೆ ಸರಪಳಿ ಸುತ್ತಿಕೊಂಡು ತೋಟದ ಏರುಗಳನ್ನು ಹತ್ತಿದವರು. ಎಲ್ಲಿ ಚಕ್ರ ಇಡಬೇಕು, ಎಲ್ಲಿ ಗಾಡಿಯನ್ನು ತಾನಾಗಿ ಉರುಳಲು ಬಿಡಬೇಕು ಎಂಬುದು ಅವರ ಅಂಗಾಲಿಗೆ ಗೊತ್ತು. ನಾಲ್ಕು ಚಕ್ರದ ಚಾಲನೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದೆಂಬುದನ್ನು ನನಗೆ ಮೊದಲು ಹೇಳಿದವರು ಅಂಥ ಒಬ್ಬ ಚಾಲಕರು. ಕಾರಣವನ್ನು ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ಮನದಟ್ಟು ಮಾಡಿಕೊಂಡೆ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಜಿಪ್ಸಿಯಂಥ ಗಾಡಿಯಲ್ಲಿ ಹಿಂದು ಮುಂದಿನ ದಂಡಗಳು ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸವನ್ನು ನುಂಗುತ್ತದೆ. ಡಾಂಬರಿನಲ್ಲಿ ಜಾರಲಾರದೆ ಹಲ್ಲುಚಕ್ರಗಳು ಮುರುಕಿಕೊಳ್ಳುತ್ತವೆ. ಹೀಗೆ ಕಾರಣ ತಿಳಿದವನ ಗಾಡಿ ಇಪ್ಪತ್ತು ವರ್ಷ ಬಾಳುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನಾಲ್ಕು ಚಕ್ರದ ಚಾಲನೆ ಇರುವುದು ದಾರಿ ಕೆಟ್ಟಾಗ ದಾಟುವುದಕ್ಕೆ. ದಾರಿ ಇಲ್ಲದಲ್ಲಿ ದಾರಿ ಮಾಡುವುದಕ್ಕಲ್ಲ. ನಮ್ಮ ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲು ಮಳೆನೀರನ್ನು ಹೀರಿ ಬೇಸಿಗೆಗೆ ಹಿಡಿದಿಡುವ ಸ್ಪಂಜು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಅಂಥ ಬೆಟ್ಟಗಳಲ್ಲಿ. ಅದರ ಮೇಲೆ ಒಂದು ಗಾಡಿ ಹಾದರೆ ಹುಲ್ಲು ಮಲಗಿ ಏಳುತ್ತದೆ. ಹತ್ತು ಗಾಡಿ ಹಾದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಮುಂದಿನ ಮಳೆಗೆ ಆ ಗಾಲಿಜಾಡೇ ಕೊರಕಲಾಗಿ, ಅದರ ಮುಂದಿನ ಮಳೆಗೆ ಇಳಿಜಾರೇ ಜಾರುತ್ತದೆ. 2022ರಲ್ಲಿ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಆ ಗಿಡ ನಮ್ಮ ಸಂಭ್ರಮಕ್ಕಾಗಿ ತುಳಿಸಿಕೊಳ್ಳಲು ಕಾಯುತ್ತಿರುವುದಲ್ಲ. ತೊರೆಯೊಳಗೆ ಗಾಡಿ ಇಳಿಸಿ ನೀರು ಚಿಮ್ಮಿಸುವ ಚಿತ್ರಗಳನ್ನು ನೀವು ನನಗೆ ಕಳುಹಿಸುತ್ತೀರಿ. ಆಕ್ಸಲಿನ ಎಣ್ಣೆ ಸೀಲು ಸೋರುತ್ತದೆಂದು ಮೇಲೆ ಬರೆದೆನಲ್ಲ, ಆ ಎಣ್ಣೆ ಹೋಗುವುದು ಕೆಳಗಿನ ಊರಿನವರು ಕುಡಿಯುವ ನೀರಿಗೆ. ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪುವುದಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ಇಲ್ಲ. ಪ್ರಾಣಿಗಳಿಗೂ ಒಂದು ರಾತ್ರಿ ಬೇಡವೆ?

ಹಾಗಾದರೆ ತಂಗುವುದೆಲ್ಲಿ? ಇದಕ್ಕೆ ನಮ್ಮ ಬಳಿ ಇರುವ ಉತ್ತರ ಯಾವ ಅಂಗಡಿಯಲ್ಲಿಯೂ ಸಿಗದು. ಸಕಲೇಶಪುರದ ಕಾಫಿ ಕಣ, ಸಾಗರದ ಕಡೆಯ ಅಡಿಕೆ ಅಂಗಳ, ಹೊಸಪೇಟೆಯ ಬಳಿಯ ಬಾಳೆತೋಟ, ಕುಮಟೆಯ ತೆಂಗಿನ ಹಿತ್ತಿಲು - ಎಲ್ಲ ಕಡೆ ನನ್ನ ಶಿಷ್ಯರಿದ್ದೀರಿ. ಮುಂಚಿತವಾಗಿ ಕೇಳಿ, ಒಪ್ಪಿಗೆ ಪಡೆದು, ಅಂಗಳದ ಮೂಲೆಯಲ್ಲಿ ಗುಡಾರ ಹೂಡುತ್ತೇವೆ. ನಮ್ಮ ಒಲೆಯಲ್ಲಿ ನಮ್ಮ ಅಡುಗೆ. ಬೆಳಗಿನ ಕಾಫಿ ಮಾತ್ರ ನಿಮ್ಮ ಮನೆಯದು. ಹೊರಡುವಾಗ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ, ಕಸವನ್ನು ಚೀಲದಲ್ಲಿ ಹೊತ್ತು ತರುತ್ತೇವೆ. ನಿಮ್ಮ ಮಕ್ಕಳು ಗಾಡಿಯ ಕೆಳಗೆ ತೂರಿ, ಇದೇನು ಅದೇನು ಎಂದು ಕೇಳುತ್ತಾರೆ. ಲಿವರು, ಹಲ್ಲುಚಕ್ರ, ಘರ್ಷಣೆ, ಒತ್ತಡ ಎಲ್ಲವನ್ನೂ ಮುಟ್ಟಿ ತೋರಿಸುತ್ತೇನೆ. ಮೂವತ್ತಾರು ವರ್ಷ ಸುಣ್ಣದ ಕಡ್ಡಿ ಹಿಡಿದು ಮಾಡಿದ ಪಾಠ ಈಗ ಚಕ್ರದ ಮೇಲೆ ಮುಂದುವರಿಯುತ್ತಿದೆ.

ಆದ್ದರಿಂದ ನಿಮ್ಮ ಪಟ್ಟಿಗಳನ್ನು ಇನ್ನು ನನಗೆ ಕಳುಹಿಸಬೇಡಿ. ಮೂರು ಪ್ರವಾಸ ಮುಗಿಸಿ, ಆ ನೋಟ್ ಪುಸ್ತಕದ ಪುಟಗಳನ್ನು ಕಳುಹಿಸಿ. ಎಡಬದಿಗಿಂತ ಬಲಬದಿ ಉದ್ದವಾಗಿದ್ದರೆ ನೂರಕ್ಕೆ ನೂರು ಅಂಕ ಕೊಡುವೆ.

ಎಲ್ಲರಿಗೂ ಶುಭವಾಗಲಿ. ಘಟ್ಟದ ತಿರುವುಗಳಲ್ಲಿ ಹಾರ್ನ್ ಮಾಡಿ, ಏರಿ ಬರುವವರಿಗೆ ದಾರಿ ಬಿಡಿ.